ಯಾವ ಚಮಚ, ಯಾವ ಮೀನೆಣ್ಣೆ: ಒಂದು ಪ್ರಕರಣದ ವಿವರ

ಇದು ನಾನು ಆಹಾರ ಸಲಹೆಗಾರ್ತಿಯಾಗಿ ಕಂಡ ಒಂದು ಪ್ರಕರಣ. ಗುರುತು ಸಿಗಬಾರದೆಂದು ಹೆಸರು, ಊರು, ಆಸ್ಪತ್ರೆ ಎಲ್ಲವನ್ನೂ ಬಿಟ್ಟಿದ್ದೇನೆ. ವಯಸ್ಸನ್ನು ತುಸು ಆಚೀಚೆ ಮಾಡಿದ್ದೇನೆ. ಮುಖ್ಯ ವ್ಯಕ್ತಿಯನ್ನು ಅವರ ಮನೆಯ ಮೊಮ್ಮಗು ಕರೆಯುವಂತೆ ಅಜ್ಜಿ ಎಂದೇ ಕರೆಯುತ್ತೇನೆ. ಈ ಕಥೆಯಲ್ಲಿ ಇಬ್ಬರು ತಪ್ಪು ಮಾಡಿದ್ದಾರೆ: ಒಬ್ಬರು ಅಜ್ಜಿ, ಇನ್ನೊಬ್ಬಳು ನಾನು.

ಹಿನ್ನೆಲೆ

ಅಜ್ಜಿಗೆ ಅರವತ್ತನಾಲ್ಕು. ಬದುಕಿಡೀ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳು ಇರುವ ಮನೆ. ಮಧುಮೇಹವಿಲ್ಲ, ರಕ್ತದೊತ್ತಡದ ಮಾತ್ರೆ ಇಲ್ಲ. ಬೆಳಗ್ಗೆ ಎದ್ದಾಗ ಮೊಣಕಾಲು ಬಿಗಿಯುತ್ತದೆ ಎಂಬುದೊಂದೇ ದೂರು. ವರ್ಷಕ್ಕೊಮ್ಮೆ ಮಾಡಿಸುವ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 13 ನ್ಯಾನೋಗ್ರಾಂ ಎಂದು ಬಂತು. 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನವರಿಗೆ ಸಾಕು; 12ಕ್ಕಿಂತ ಕೆಳಗಿಳಿದರೆ ಸ್ಪಷ್ಟ ಕೊರತೆ. ಅಜ್ಜಿ ಆ ಅಂಚಿನಲ್ಲಿದ್ದರು. ವೈದ್ಯರು ವಿಟಮಿನ್ ಡಿ ಮಾತ್ರೆ ಬರೆದುಕೊಟ್ಟರು.

ಅಜ್ಜಿ ಮಾತ್ರೆ ಕೊಳ್ಳಲಿಲ್ಲ. ಚಿಕ್ಕವರಿದ್ದಾಗ ಅವರ ತಾಯಿ ಮೂಗು ಹಿಡಿದು ಬಾಯಿಗೆ ಹುಯ್ಯುತ್ತಿದ್ದ ಕಾಡ್ ಲಿವರ್ ಎಣ್ಣೆ ನೆನಪಾಯಿತು. ಮಾತ್ರೆ ಕಾರ್ಖಾನೆಯದು, ಎಣ್ಣೆ ನಿಸರ್ಗದ್ದು ಎಂಬ ಲೆಕ್ಕ. ಒಂದು ಬಾಟಲಿ ತಂದರು.

ಈ ಆಯ್ಕೆಯನ್ನು ಮೂಢತನ ಎಂದು ತಳ್ಳಿಹಾಕುವಂತಿಲ್ಲ. ಕಾಡ್ ಎಂಬುದು ತಣ್ಣನೆಯ ಸಮುದ್ರದ ಮೀನು. ಬಂಗುಡೆ, ಬೂತಾಯಿಯಂಥ ಮೀನುಗಳು ಕೊಬ್ಬನ್ನು ಮಾಂಸದಲ್ಲಿ ಹರಡಿಕೊಂಡರೆ, ಕಾಡ್ ತನ್ನ ಕೊಬ್ಬನ್ನೆಲ್ಲ ಯಕೃತ್ತಿನಲ್ಲಿ ಕೂಡಿಡುತ್ತದೆ. ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳೂ ಅದರ ಜೊತೆಗೇ ಅಲ್ಲಿ ಸೇರುತ್ತವೆ. ಹೀಗಾಗಿ ಒಂದು ಟೀ ಚಮಚ, ಅಂದರೆ ಸುಮಾರು ನಾಲ್ಕೂವರೆ ಗ್ರಾಂ ಎಣ್ಣೆಯಲ್ಲಿ 11 ಮೈಕ್ರೋಗ್ರಾಂ ವಿಟಮಿನ್ ಡಿ, 1,350 ಮೈಕ್ರೋಗ್ರಾಂ ವಿಟಮಿನ್ ಎ, ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಒಮೆಗಾ-3 ಕೊಬ್ಬಿನಾಮ್ಲಗಳು ಕೂಡಿ ಸುಮಾರು 0.8 ಗ್ರಾಂ ಇರುತ್ತವೆ. ಶಕ್ತಿ 41 ಕ್ಯಾಲೊರಿ. ಇಷ್ಟು ಚಿಕ್ಕ ಅಳತೆಯಲ್ಲಿ ಇಷ್ಟು ವಿಟಮಿನ್ ಡಿ ಕೊಡುವ ಆಹಾರ ಬಹಳ ಕಡಿಮೆ.

ಚರಿತ್ರೆಯೂ ಅಜ್ಜಿಯ ಪರವಾಗಿಯೇ ಇತ್ತು. 1919ರಲ್ಲಿ ಬ್ರಿಟನ್ನಿನ ವಿಜ್ಞಾನಿ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳಲ್ಲಿ ರಿಕೆಟ್ಸ್, ಅಂದರೆ ಎಳೆಯ ಮೂಳೆಗಳು ಮೆತ್ತಗಾಗಿ ಬಾಗುವ ರೋಗವನ್ನು ಉಂಟುಮಾಡಿ, ಈ ಎಣ್ಣೆ ಅದನ್ನು ತಡೆಯುತ್ತದೆ ಎಂದು ತೋರಿಸಿದರು. ಆಗ ಅದು ವಿಟಮಿನ್ ಎ ಮಹಿಮೆ ಇರಬಹುದು ಎಂದುಕೊಂಡಿದ್ದರು. 1922ರಲ್ಲಿ ಅಮೆರಿಕದ ವಿಜ್ಞಾನಿ ಎಲ್ಮರ್ ಮೆಕಾಲಮ್ ಮತ್ತು ಅವರ ಸಂಗಡಿಗರು ಎಣ್ಣೆಯನ್ನು ಕಾಯಿಸಿ, ಅದಕ್ಕೆ ಆಮ್ಲಜನಕ ಹಾಯಿಸಿ ವಿಟಮಿನ್ ಎ ಅನ್ನು ನಾಶ ಮಾಡಿದರು. ಎಣ್ಣೆ ಆಗಲೂ ರಿಕೆಟ್ಸ್ ಗುಣಪಡಿಸಿತು. ಅದರಲ್ಲಿದ್ದ ಬೇರೆಯದೇ ವಸ್ತುವಿಗೆ ವಿಟಮಿನ್ ಡಿ ಎಂಬ ಹೆಸರು ಬಂತು. ಒಂದೇ ಎಣ್ಣೆಯಲ್ಲಿ ಎರಡು ವಿಟಮಿನ್ ಇವೆ ಎಂಬ ಈ ಸಂಗತಿಯೇ ನೂರು ವರ್ಷಗಳ ನಂತರ ಅಜ್ಜಿಯನ್ನು ಕಾಡಿತು. ಪ್ರಯೋಗಾಲಯದಲ್ಲಿ ಎರಡನ್ನೂ ಬೇರ್ಪಡಿಸಬಹುದು, ಚಮಚದಲ್ಲಿ ಆಗುವುದಿಲ್ಲ.

ತೊಂದರೆ ಶುರುವಾದ ಬಗೆ

ಬಾಟಲಿಯ ಮೇಲೆ ದಿನಕ್ಕೆ ಒಂದು ಟೀ ಚಮಚ, 5 ಮಿ.ಲೀ. ಎಂದು ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿತ್ತು. ಅಜ್ಜಿ ಓದಿಕೊಂಡದ್ದು ‘ಒಂದು ಚಮಚ’ ಎಂದು. ನಮ್ಮ ಮಾತಿನಲ್ಲಿ ಚಮಚ ಎಂದರೆ ಕೈಗೆ ಸಿಕ್ಕ ಚಮಚ. ಅವರ ಕೈಗೆ ಸಿಕ್ಕಿದ್ದು ಊಟದ ಮೇಜಿನ ದೊಡ್ಡ ಚಮಚ. ಅದರಲ್ಲಿ 15 ಮಿ.ಲೀ. ಹಿಡಿಯುತ್ತದೆ. ಸೂಚಿಸಿದ್ದರ ಮೂರು ಪಟ್ಟು.

ಇದರ ಜೊತೆಗೆ ದಿನಕ್ಕೊಂದು ಬಹುವಿಟಮಿನ್ ಮಾತ್ರೆಯೂ ಇತ್ತು. ನಿವೃತ್ತಿಯ ನಂತರ ಶುರುಮಾಡಿದ್ದು, ಅಭ್ಯಾಸಬಲದಿಂದ ನಡೆದುಬಂದದ್ದು. ಅದರಲ್ಲಿ ರೆಟಿನಾಲ್ ರೂಪದ, ಅಂದರೆ ದೇಹ ನೇರವಾಗಿ ಬಳಸಿಕೊಳ್ಳುವ ರೂಪದ ವಿಟಮಿನ್ ಎ 750 ಮೈಕ್ರೋಗ್ರಾಂ ಇತ್ತು.

ಮೊದಲ ಮೂರು ತಿಂಗಳು ಅಜ್ಜಿ ಖುಷಿಯಾಗಿದ್ದರು. ಮೊಣಕಾಲಿನ ಬಿಗಿತ ಕಡಿಮೆಯಾಯಿತು. ಮೀನು ವಾಸನೆಯ ತೇಗು ಬರುತ್ತಿತ್ತು. ನಿಂಬೆಯ ಪರಿಮಳ ಬೆರೆಸಿದ ಬೇರೆ ಬಾಟಲಿಗೆ ಬದಲಾಯಿಸಿದ ಮೇಲೆ ಅದೂ ಸಹನೀಯವಾಯಿತು. ನಾಲ್ಕನೆಯ ತಿಂಗಳಿನಿಂದ ಕೂದಲು ಹೆಚ್ಚು ಉದುರತೊಡಗಿತು. ಅದು ಎಣ್ಣೆಯಿಂದಲೇ ಆಯಿತೇ, ವಯಸ್ಸಿನಿಂದ ಆಯಿತೇ, ಖಚಿತವಾಗಿ ಹೇಳಲಾರೆ. ಆದರೆ ಅಜ್ಜಿ ತೆಗೆದುಕೊಂಡ ತೀರ್ಮಾನ ಮುಂದಿನದ್ದಕ್ಕೆಲ್ಲ ದಾರಿಯಾಯಿತು. ಕೂದಲು ಉದುರುವುದು ವಿಟಮಿನ್ ಕೊರತೆಯಿಂದ, ಹಾಗಾದರೆ ಎಣ್ಣೆ ಸಾಲುತ್ತಿಲ್ಲ ಎಂದುಕೊಂಡರು. ಐದನೆಯ ತಿಂಗಳ ಕೊನೆಗೆ ಬೆಳಗ್ಗೆ ಒಂದು, ರಾತ್ರಿ ಒಂದು ಎಂದು ಎರಡು ದೊಡ್ಡ ಚಮಚಕ್ಕೆ ಏರಿದರು.

ಅಲ್ಲಿಂದ ಮುಂದೆ ತುಟಿ ಒಡೆಯಿತು, ಬಾಯಿಯ ಮೂಲೆಗಳು ಸೀಳಿದವು. ಚರ್ಮ ಒಣಗಿ ತುರಿಕೆ. ಹಣೆಯ ಮೇಲೆ ಕಲ್ಲಿಟ್ಟಂತೆ ತಲೆನೋವು. ಊಟ ಸೇರದು. ಮೀನಖಂಡದ ಮುಂದಿನ ಮೂಳೆಯಲ್ಲಿ ರಾತ್ರಿ ನೋವು. ತೂಕ ನಾಲ್ಕು ಕಿಲೋ ಇಳಿಯಿತು. ಒಂದೊಂದು ದೂರಿಗೂ ಒಂದೊಂದು ಬಾಗಿಲು ತಟ್ಟಿದರು. ತುಟಿಗೆ ಮುಲಾಮು, ತುರಿಕೆಗೆ ಇನ್ನೊಂದು ಮುಲಾಮು, ತಲೆನೋವಿಗೆ ಕನ್ನಡಕದ ಹೊಸ ನಂಬರು, ಮೂಳೆನೋವಿಗೆ ನೋವಿನ ಮಾತ್ರೆ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದವರು ಯಾರೂ ಇಲ್ಲ.

ನನ್ನ ತಪ್ಪು

ಎಣ್ಣೆ ಶುರುಮಾಡಿ ಒಂದು ವರ್ಷವಾದಾಗ, ತೂಕ ಇಳಿಯುತ್ತಿದೆ ಎಂದು ಅವರನ್ನು ನನ್ನಲ್ಲಿಗೆ ಕಳಿಸಿದರು. ಪದ್ಧತಿಯಂತೆ ಕೇಳಿದೆ: “ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ?”

“ಏನೂ ಇಲ್ಲ,” ಎಂದರು. “ಆಗಾಗ ನೋವಿನ ಮಾತ್ರೆ, ಅಷ್ಟೇ.”

ಅವರು ಸುಳ್ಳು ಹೇಳಲಿಲ್ಲ. ಅವರ ಪಾಲಿಗೆ ಎಣ್ಣೆ ಔಷಧವಲ್ಲ, ಬಹುವಿಟಮಿನ್ ಮಾತ್ರೆಯೂ ಔಷಧವಲ್ಲ. ನನ್ನ ಪ್ರಶ್ನೆಯೇ ಕುರುಡಾಗಿತ್ತು.

ಅಷ್ಟಕ್ಕೇ ನಿಂತಿದ್ದರೆ ಮರೆವು ಎನ್ನಬಹುದಿತ್ತು. ಒಣ ಚರ್ಮ, ಒಡೆದ ತುಟಿ, ಉದುರುವ ಕೂದಲು ನೋಡಿ, ವಿಟಮಿನ್ ಎ ಕಡಿಮೆಯಾಗಿರಬಹುದು ಎಂದುಕೊಂಡೆ. ಕ್ಯಾರೆಟ್, ಹಸಿರು ಸೊಪ್ಪು, ಮೊಟ್ಟೆಯ ಹಳದಿ ಹೆಚ್ಚಿಸಿ, ಒಳ್ಳೆಯ ಕೊಬ್ಬನ್ನು ಕಡೆಗಣಿಸಬೇಡಿ ಎಂದು ಬರೆದುಕೊಟ್ಟೆ. ವಿಟಮಿನ್ ಎ ಕೊರತೆಯಲ್ಲೂ ಚರ್ಮ ಒಣಗುತ್ತದೆ, ಅತಿಯಾದಾಗಲೂ ಒಣಗುತ್ತದೆ. ಪಠ್ಯದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಎದುರಿಗೆ ಕುಳಿತಾಗ ಹೊಳೆಯಲಿಲ್ಲ. ಕೊರತೆಯನ್ನು ಹುಡುಕುವುದು ನಮ್ಮ ವೃತ್ತಿಗೆ ಅಂಟಿಕೊಂಡ ಚಾಳಿ. ಅತಿಯಾದದ್ದನ್ನು ಹುಡುಕಲು ಕಣ್ಣು ಪಳಗಿರುವುದಿಲ್ಲ.

ಕ್ಯಾರೆಟ್ಟಿನಿಂದ ಹಾನಿಯಾಗಲಿಲ್ಲ. ತರಕಾರಿಯಲ್ಲಿರುವುದು ಬೀಟಾ ಕ್ಯಾರೋಟಿನ್. ದೇಹ ಅದರಿಂದ ವಿಟಮಿನ್ ಎ ತಯಾರಿಸುವುದನ್ನು ಅಗತ್ಯ ನೋಡಿ ತಗ್ಗಿಸಿಕೊಳ್ಳುತ್ತದೆ. ಹಾನಿ ಮಾಡಿದ್ದು “ಒಳ್ಳೆಯ ಕೊಬ್ಬು” ಎಂಬ ಮಾತು. ಅಜ್ಜಿಯ ಕಿವಿಗೆ ಅದು ಅವರ ಎಣ್ಣೆಗೆ ನಾನು ಒತ್ತಿದ ಮುದ್ರೆಯಂತೆ ಕೇಳಿಸಿತು. ಇನ್ನೂ ಆರು ವಾರ ತಪ್ಪದೆ ಕುಡಿದರು.

ತಿರುವು

ಆರು ವಾರದ ನಂತರ ಬಂದಾಗ ಇನ್ನೂ ಒಂದು ಕಿಲೋ ಇಳಿದಿತ್ತು. ಏನೋ ತಪ್ಪಿದೆ ಅನ್ನಿಸಿತು, ಏನೆಂದು ಗೊತ್ತಾಗಲಿಲ್ಲ. ಆಗ ಹೇಳಿದ್ದು ಇಷ್ಟು: “ನಾಳೆ ಬರುವಾಗ ಮನೆಯಲ್ಲಿ ನೀವು ಬಾಯಿಗೆ ಹಾಕಿಕೊಳ್ಳುವ ಬಾಟಲಿ, ಡಬ್ಬಿ, ಪೊಟ್ಟಣ ಎಲ್ಲವನ್ನೂ ಒಂದು ಚೀಲದಲ್ಲಿ ತನ್ನಿ. ಔಷಧ ಹೌದೋ ಅಲ್ಲವೋ ಎಂದು ನೀವು ಆರಿಸಬೇಡಿ.”

ಚೀಲದಿಂದ ಎಣ್ಣೆಯ ಬಾಟಲಿ ಹೊರಬಂತು. ಜೊತೆಗೆ ಒಂದು ನೋಟ್‌ಬುಕ್. ಲೆಕ್ಕದವರಲ್ಲವೇ, ಹದಿಮೂರು ತಿಂಗಳಿಂದ ಪ್ರತಿ ಡೋಸಿಗೂ ಗೆರೆ ಎಳೆದಿದ್ದರು. ನಾನು ಆವರೆಗೆ ಕಂಡ ಅತ್ಯುತ್ತಮ ಆಹಾರ ದಾಖಲೆ ಅದು. ಮೊದಲ ದಿನವೇ ಕೇಳಿದ್ದರೆ ತೋರಿಸುತ್ತಿದ್ದರು.

ಬಾಟಲಿಯ ಮುಚ್ಚಳ ತೆಗೆದಾಗ ಕಮಟು ವಾಸನೆ. ಬೆಳಕು ಬೀಳುವ ಕಿಟಕಿಯ ಪಕ್ಕ ಇಡುತ್ತಿದ್ದರಂತೆ. ಒಮೆಗಾ-3 ಕೊಬ್ಬು ಗಾಳಿ, ಬೆಳಕು, ಶಾಖಕ್ಕೆ ಬೇಗ ಕೆಡುತ್ತದೆ. ತೆರೆದ ಮೇಲೆ ಫ್ರಿಜ್ಜಿನಲ್ಲಿಡಬೇಕು, ತಿಂಗಳುಗಟ್ಟಲೆ ಉಳಿಸಬಾರದು. ನಿಂಬೆಯ ಪರಿಮಳ ಕಮಟನ್ನು ಮುಚ್ಚಿಹಾಕಿತ್ತು. ಆದರೆ ಇದು ಚಿಕ್ಕ ತಪ್ಪು.

“ಯಾವ ಚಮಚದಲ್ಲಿ ಕುಡಿಯುತ್ತೀರಿ?” ಎಂದು ಕೇಳಿದೆ. ಚಮಚವೂ ಚೀಲದಲ್ಲೇ ಇತ್ತು. ಅಳತೆ ಲೋಟಕ್ಕೆ ನೀರು ಸುರಿದು ಅಳೆದೆವು. 15 ಮಿ.ಲೀ.

ಮುಂದಿನ ಲೆಕ್ಕವನ್ನು ನಾನು ಮಾಡಲಿಲ್ಲ, ಅವರ ಕೈಗೇ ಪೆನ್ನು ಕೊಟ್ಟೆ. ಬೇಕೆಂದೇ ಹಾಗೆ ಮಾಡಿದ್ದು: ನಾನು ಹೇಳಿದರೆ ಅದು ಉಪದೇಶವಾಗುತ್ತಿತ್ತು. ಒಂದು ದೊಡ್ಡ ಚಮಚ 13.6 ಗ್ರಾಂ, ಅದರಲ್ಲಿ ವಿಟಮಿನ್ ಎ 4,080 ಮೈಕ್ರೋಗ್ರಾಂ. ಎರಡು ಚಮಚಕ್ಕೆ 8,160. ಮಾತ್ರೆಯ 750 ಸೇರಿದರೆ 8,910. ಅಮೆರಿಕದ ಮಾನದಂಡದಂತೆ ವಯಸ್ಕ ಮಹಿಳೆಗೆ ದಿನಕ್ಕೆ ಬೇಕಾದದ್ದು 700; ರೆಟಿನಾಲ್ ರೂಪದಲ್ಲಿ ದಾಟಬಾರದ ಗರಿಷ್ಠ ಮಿತಿ 3,000. ಪಕ್ಕದಲ್ಲೇ ವಿಟಮಿನ್ ಡಿ ಅಂಕಣ: ಎರಡು ಚಮಚಕ್ಕೆ 68 ಮೈಕ್ರೋಗ್ರಾಂ, ಮಾತ್ರೆಯ 10 ಸೇರಿ 78. ಅದರ ಗರಿಷ್ಠ ಮಿತಿ 100.

ಅಜ್ಜಿ ಎರಡೂ ಅಂಕಣಗಳನ್ನು ಬಹಳ ಹೊತ್ತು ನೋಡಿದರು. “ಡಿ ಮಿತಿಯೊಳಗೆ ಇದೆ, ಎ ಮೂರು ಪಟ್ಟು ಆಗಿದೆ. ಡಿ ಹೆಚ್ಚಿಸಲು ಹೋದರೆ ಎ ಬಿಟ್ಟಿ ಬರುತ್ತದೆ ಅಂದ ಹಾಗಾಯಿತು.”

ಈ ಎಣ್ಣೆಯ ಬಗ್ಗೆ ನಾನು ಓದಿದ ಎಷ್ಟೋ ಪುಟಗಳ ಸಾರ ಆ ಎರಡು ವಾಕ್ಯದಲ್ಲಿತ್ತು.

ಹೆಚ್ಚಾದದ್ದು ಮೂತ್ರದಲ್ಲಿ ಹೋಗುವುದಿಲ್ಲವೇ ಎಂದು ಕೇಳಿದರು. ವಿಟಮಿನ್ ಸಿ ಆಗಿದ್ದರೆ ಬಹುಪಾಲು ಹೋಗುತ್ತಿತ್ತು. ಎ ಕೊಬ್ಬಿನಲ್ಲಿ ಕರಗುವಂಥದ್ದು, ನಮ್ಮ ಯಕೃತ್ತಿನಲ್ಲೇ ಉಳಿಯುತ್ತದೆ, ಕಾಡ್ ಮೀನಿನ ಯಕೃತ್ತಿನಲ್ಲಿ ಉಳಿದ ಹಾಗೆ. “ಚಾಲ್ತಿ ಖಾತೆಯಲ್ಲ, ಠೇವಣಿ,” ಎಂದು ತಾವೇ ಹೇಳಿಕೊಂಡು ನೋಟ್‌ಬುಕ್ ಮುಚ್ಚಿದರು.

ಪರೀಕ್ಷೆ ಮತ್ತು ತೀರ್ಮಾನ

ಎಣ್ಣೆ ಮತ್ತು ಬಹುವಿಟಮಿನ್ ಎರಡನ್ನೂ ಅಂದೇ ನಿಲ್ಲಿಸಿ, ನೋಟ್‌ಬುಕ್ಕಿನ ಪ್ರತಿಯೊಂದಿಗೆ ವೈದ್ಯರ ಬಳಿ ಕಳಿಸಿದೆ. ವೈದ್ಯರು ಮಾಡಿದ ಒಂದು ಕೆಲಸ ಗಮನಿಸಬೇಕಾದದ್ದು. ರಕ್ತದಲ್ಲಿನ ರೆಟಿನಾಲ್ ಮಾತ್ರ ನೋಡಿದ್ದರೆ ಅದು ಸಾಮಾನ್ಯದ ಮೇಲಂಚಿನಲ್ಲಿತ್ತು. ಏನೂ ಇಲ್ಲ ಎಂದು ಮನೆಗೆ ಕಳಿಸಬಹುದಿತ್ತು. ಯಕೃತ್ತು ರಕ್ತಕ್ಕೆ ಬಿಡುವ ರೆಟಿನಾಲನ್ನು ಬಿಗಿಯಾಗಿ ಹಿಡಿದಿಡುತ್ತದೆ, ಆದ್ದರಿಂದ ಉಗ್ರಾಣ ತುಂಬಿ ತುಳುಕುವಾಗಲೂ ಆ ಅಂಕಿ ಅಷ್ಟಾಗಿ ಏರದಿರಬಹುದು. ಅವರು ಖಾಲಿ ಹೊಟ್ಟೆಯಲ್ಲಿ ರೆಟಿನೈಲ್ ಎಸ್ಟರ್, ಅಂದರೆ ಉಗ್ರಾಣದಲ್ಲಿ ಕೂಡಿಡುವ ರೂಪದ ವಿಟಮಿನ್ ಎ ಪ್ರಮಾಣವನ್ನೂ ನೋಡಿಸಿದರು. ಅದು ಒಟ್ಟು ವಿಟಮಿನ್ ಎಯ ಶೇಕಡಾ 10ಕ್ಕಿಂತ ಹೆಚ್ಚಿದ್ದರೆ ಅತಿಯಾಗಿರುವ ಸೂಚನೆ. ಇವರದು ಅದನ್ನು ದಾಟಿತ್ತು. ಯಕೃತ್ತಿನ ಕಿಣ್ವಗಳು ತುಸು ಏರಿದ್ದವು. ಕ್ಯಾಲ್ಸಿಯಂ ಮೇಲಿನ ಗಡಿಯಲ್ಲಿತ್ತು. ವಿಟಮಿನ್ ಎ ಅತಿಯಾದರೆ ತಲೆಬುರುಡೆಯೊಳಗಿನ ಒತ್ತಡ ಏರುವುದುಂಟು, ಹಾಗಾಗಿ ಕಣ್ಣಿನ ಹಿಂಭಾಗವನ್ನೂ ಪರೀಕ್ಷಿಸಿದರು. ನರದಲ್ಲಿ ಊತ ಇರಲಿಲ್ಲ.

ಇನ್ನು ವಿಟಮಿನ್ ಡಿ: 13 ಇದ್ದದ್ದು 37 ಆಗಿತ್ತು. ಯಾವುದಕ್ಕಾಗಿ ಎಣ್ಣೆ ಶುರುಮಾಡಿದ್ದರೋ ಆ ಕೆಲಸ ಚೆನ್ನಾಗಿಯೇ ಆಗಿತ್ತು.

ಇಲ್ಲಿ ಜಗ್ಗಾಟ ಶುರುವಾಯಿತು. “ಡಿ ಸರಿಯಾಗಿದೆ, ಮೊಣಕಾಲು ಸರಿಯಾಗಿದೆ. ಪೂರ್ತಿ ನಿಲ್ಲಿಸುವುದೇಕೆ? ಚಿಕ್ಕ ಚಮಚಕ್ಕೆ ಇಳಿಸಿದರೆ ಸಾಲದೇ?” ಎಂದರು ಅಜ್ಜಿ. ನ್ಯಾಯವಾದ ಪ್ರಶ್ನೆ. ಆರೋಗ್ಯವಂತ ವಯಸ್ಕರಿಗೆ ಒಂದು ಟೀ ಚಮಚ ಗರಿಷ್ಠ ಮಿತಿಯ ಅರ್ಧಕ್ಕೂ ಕಡಿಮೆ. ಆದರೆ ಇವರ ಉಗ್ರಾಣ ಈಗಾಗಲೇ ತುಂಬಿತ್ತು. ಎರಡನೆಯದಾಗಿ ಮೂಳೆಯ ವಿಚಾರ. ಅಮೆರಿಕದ ದಾದಿಯರ ದೀರ್ಘಕಾಲದ ಅಧ್ಯಯನದಿಂದ 2002ರಲ್ಲಿ ಬಂದ ವರದಿಯಲ್ಲಿ, ಋತುಬಂಧ ದಾಟಿದ ಮಹಿಳೆಯರ ಪೈಕಿ ರೆಟಿನಾಲ್ ಹೆಚ್ಚು ಸೇವಿಸುತ್ತಿದ್ದವರಲ್ಲಿ ಸೊಂಟದ ಮೂಳೆ ಮುರಿತ ಹೆಚ್ಚು ಕಂಡಿತ್ತು. ಬ್ರಿಟನ್ನಿನ ಆರೋಗ್ಯ ಸೇವೆ ದಿನಕ್ಕೆ ಸರಾಸರಿ 1.5 ಮಿಲಿಗ್ರಾಂ ವಿಟಮಿನ್ ಎಯನ್ನು ಹಲವು ವರ್ಷ ದಾಟಬೇಡಿ ಎನ್ನುವುದೂ ಮೂಳೆಯ ಕಾಳಜಿಯಿಂದಲೇ. ಒಂದು ಟೀ ಚಮಚವೇ 1.35 ಮಿಲಿಗ್ರಾಂ. ಮೂಳೆಗಾಗಿ ಕುಡಿಯುವ ಎಣ್ಣೆ ಅಳತೆ ಮೀರಿದರೆ ಮೂಳೆಗೇ ಎರವಾಗಬಹುದು. ಈ ವ್ಯಂಗ್ಯವನ್ನು ಅಜ್ಜಿಗೆ ವಿವರಿಸಬೇಕಾಗಲಿಲ್ಲ.

ಮೊಣಕಾಲಿನ ಬಗ್ಗೆ ನಾನು ಅವರ ಮಾತನ್ನು ಅಲ್ಲಗಳೆಯಲಿಲ್ಲ. ಎರಡು ದೊಡ್ಡ ಚಮಚದಲ್ಲಿ ಇಪಿಎ, ಡಿಎಚ್‌ಎ ಕೂಡಿ ಐದು ಗ್ರಾಂಗೆ ಹತ್ತಿರ. ಅಷ್ಟು ಪ್ರಮಾಣ ಉರಿಯೂತವನ್ನು ತಗ್ಗಿಸಿದರೆ ಅಚ್ಚರಿಯಿಲ್ಲ. 2008ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಪ್ರಯೋಗದಲ್ಲಿ, ಸಂಧಿವಾತದ 97 ರೋಗಿಗಳ ಪೈಕಿ ದಿನಕ್ಕೆ 10 ಗ್ರಾಂ ಕಾಡ್ ಲಿವರ್ ಎಣ್ಣೆ ಪಡೆದವರಲ್ಲಿ ಶೇಕಡಾ 39 ಮಂದಿ ನೋವಿನ ಮಾತ್ರೆಯನ್ನು ಶೇಕಡಾ 30ಕ್ಕಿಂತ ಹೆಚ್ಚು ತಗ್ಗಿಸಲು ಸಾಧ್ಯವಾಯಿತು. ಎಣ್ಣೆ ಪಡೆಯದ ಗುಂಪಿನಲ್ಲಿ ಶೇಕಡಾ 10. ಆದರೆ ಅದು ರೋಗನಿರೋಧಕ ವ್ಯವಸ್ಥೆಯ ಎಡವಟ್ಟಿನಿಂದ ಬರುವ ರುಮಟಾಯ್ಡ್ ಸಂಧಿವಾತ. ಅಜ್ಜಿಯದು ಸವೆತದ ಮೊಣಕಾಲು. ಸವೆತದ ಕೀಲುನೋವಿನ 86 ಮಂದಿಗೆ ದಿನಕ್ಕೆ 10 ಮಿ.ಲೀ. ಕೊಟ್ಟು 24 ವಾರ ನೋಡಿದ 1992ರ ಪ್ರಯೋಗದಲ್ಲಿ, ಆಲಿವ್ ಎಣ್ಣೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಎರಡೂ ಫಲಿತಾಂಶವನ್ನು ಅವರ ಮುಂದಿಟ್ಟೆ. ಒಂದನ್ನೇ ಹೇಳಿದ್ದರೆ ನಂಬುತ್ತಿರಲಿಲ್ಲ ಎಂದು ನನ್ನ ಅಂದಾಜು.

ಕೊನೆಗೆ ಒಪ್ಪಿದ ಸೂತ್ರ ಹೀಗಿತ್ತು. ಒಂದು ಬಾಟಲಿಯಿಂದ ಪಡೆಯುತ್ತಿದ್ದ ಮೂರು ವಸ್ತುಗಳನ್ನು ಬಿಡಿಬಿಡಿಯಾಗಿ ಪಡೆಯುವುದು. ಡಿಗೆ ವೈದ್ಯರು ದಿನಕ್ಕೆ 20 ಮೈಕ್ರೋಗ್ರಾಂ, ಅಂದರೆ 800 ಐ.ಯು. (ಅಂತರರಾಷ್ಟ್ರೀಯ ಮಾನ) ಮಾತ್ರೆ ಬರೆದರು. ಒಮೆಗಾ-3ಗೆ ಮೀನಿನ ಮೈಯಿಂದ ತೆಗೆದ ಎಣ್ಣೆಯ ಕ್ಯಾಪ್ಸೂಲ್. ವಿಟಮಿನ್ ಎಗೆ ಏನೂ ಬೇಡ, ಊಟದಲ್ಲಿ ಬರುವುದೇ ಸಾಕು.

ಮನೆಯ ಉಳಿದವರು

ಹೊರಡುವಾಗ, ಬಾಗಿಲ ಬಳಿ ನಿಂತು, ಈ ಎಣ್ಣೆಯನ್ನು ಮನೆಯಲ್ಲಿ ಮತ್ತೆ ಯಾರು ಕುಡಿಯುತ್ತಾರೆ ಎಂದು ಕೇಳಿದೆ. ಈ ಪ್ರಶ್ನೆಯ ಬಗ್ಗೆ ಮಾತ್ರ ನನಗೆ ಈಗಲೂ ಸಮಾಧಾನವಿದೆ.

ಮೊಮ್ಮಗಳಿಗೆ ಮೂರು ತಿಂಗಳಿಂದ ಅರ್ಧ ಚಮಚ, ನೆಗಡಿ ಬಾರದಿರಲಿ ಎಂದು. ಅದೇ ದೊಡ್ಡ ಚಮಚದ ಅರ್ಧ. ವಿಟಮಿನ್ ಎ ಸುಮಾರು 2,040 ಮೈಕ್ರೋಗ್ರಾಂ. ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಗರಿಷ್ಠ ಮಿತಿ 900. ಅಜ್ಜಿ ಕುಳಿತುಬಿಟ್ಟರು. ತಮ್ಮ ತಲೆನೋವಿಗೆ ಕೊಡದ ಮಹತ್ವವನ್ನು ಆ ಅಂಕಿಗೆ ಕೊಟ್ಟರು. ಮಕ್ಕಳ ವೈದ್ಯರು ನೋಡಿದರು. ಯಾವ ಲಕ್ಷಣವೂ ಇರಲಿಲ್ಲ, ಎಣ್ಣೆ ನಿಲ್ಲಿಸಿ ಸುಮ್ಮನಿರಲು ಹೇಳಿದರು. ನೆಗಡಿಯ ವಿಷಯಕ್ಕೆ ಹೇಳುವುದಾದರೆ, ಕೋವಿಡ್ ಕಾಲದಲ್ಲಿ ನಾರ್ವೆಯಲ್ಲಿ 34 ಸಾವಿರಕ್ಕೂ ಹೆಚ್ಚು ವಯಸ್ಕರಿಗೆ ಒಂದು ಚಳಿಗಾಲವಿಡೀ ದಿನಕ್ಕೆ 5 ಮಿ.ಲೀ. ಕಾಡ್ ಲಿವರ್ ಎಣ್ಣೆ ಅಥವಾ ಬೇರೆ ಎಣ್ಣೆ ಕೊಟ್ಟು ನೋಡಿದರು. ಕೋವಿಡ್ ಆಗಲಿ, ಇತರ ಉಸಿರಾಟದ ಸೋಂಕಾಗಲಿ ಕಡಿಮೆಯಾಗಲಿಲ್ಲ.

ಸೊಸೆಯ ವಿಷಯ ಇನ್ನೂ ಸೂಕ್ಷ್ಮ. ಎರಡನೆಯ ಮಗುವಿನ ಯೋಚನೆಯಲ್ಲಿದ್ದರು. ಮಗುವಿನ ಮಿದುಳಿನ ಬೆಳವಣಿಗೆಗೆ ಡಿಎಚ್‌ಎ ಒಳ್ಳೆಯದೆಂದು ಮೀನೆಣ್ಣೆಯ ಕ್ಯಾಪ್ಸೂಲ್ ಸೇವಿಸುತ್ತಿದ್ದರು. ಅದು ಮೈಯ ಎಣ್ಣೆ. ಅದರಲ್ಲಿ ವಿಟಮಿನ್ ಎ ಇಲ್ಲವೆನ್ನುವಷ್ಟು ಕಡಿಮೆ. ಹತ್ತು ದಿನದ ಹಿಂದೆ ಡಬ್ಬಿ ಖಾಲಿಯಾದಾಗ, ಹೊಸದು ತರುವವರೆಗೆ ಎಂದು ಅತ್ತೆಯ ಬಾಟಲಿಯಿಂದ ಒಂದು ಟೀ ಚಮಚ ಕುಡಿಯತೊಡಗಿದ್ದರು. ಎರಡೂ ಮೀನೆಣ್ಣೆಯೇ ತಾನೇ! ನಮ್ಮ ಭಾಷೆಯಲ್ಲಿ ಎರಡಕ್ಕೂ ಇರುವುದು ಒಂದೇ ಪದ. ಗರ್ಭಧಾರಣೆಯ ಮೊದಲ ವಾರಗಳಲ್ಲಿ ರೆಟಿನಾಲ್ ಅತಿಯಾದರೆ ಭ್ರೂಣದಲ್ಲಿ ಊನಗಳಾಗಬಹುದು. ತಾನು ಗರ್ಭಿಣಿ ಎಂದು ತಿಳಿಯುವ ಮೊದಲೇ ಆ ವಾರಗಳು ಕಳೆದಿರುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಸರ್ಕಾರ ಗರ್ಭಿಣಿಯರಿಗೂ ಮಕ್ಕಳಿಗೂ ಈ ಎಣ್ಣೆಯನ್ನು ಹಂಚುತ್ತಿತ್ತು. ಇಂದು ಅದೇ ದೇಶದ ಆರೋಗ್ಯ ಸೇವೆ ಗರ್ಭಿಣಿಯರಿಗೆ ಇದು ಬೇಡವೇ ಬೇಡ ಎನ್ನುತ್ತದೆ. ಸೊಸೆ ಸೇವಿಸಿದ್ದ ಪ್ರಮಾಣ ಕಡಿಮೆ, ಆಗ ಗರ್ಭವೂ ನಿಂತಿರಲಿಲ್ಲ. ಬಚಾವಾದದ್ದು ಎಚ್ಚರದಿಂದಲ್ಲ.

ಮುಂದೇನಾಯಿತು

ಮೂರು ವಾರಕ್ಕೆ ತಲೆನೋವು ಇಳಿಯಿತು. ಊಟ ಸೇರತೊಡಗಿತು. ತುಟಿ ಮಾಯಲು ಎರಡು ತಿಂಗಳು ಬೇಕಾಯಿತು. ನಾಲ್ಕನೆಯ ತಿಂಗಳಲ್ಲಿ ಯಕೃತ್ತಿನ ಕಿಣ್ವಗಳು ಸಹಜ ಮಟ್ಟಕ್ಕೆ ಬಂದವು, ಕ್ಯಾಲ್ಸಿಯಂ ಕೆಳಗಿಳಿಯಿತು, ತೂಕ ಮೂರು ಕಿಲೋ ಮರಳಿತು. ವಿಟಮಿನ್ ಡಿ 31ರಲ್ಲಿ ನಿಂತಿತ್ತು. ‘ಕಾರ್ಖಾನೆಯ’ ಮಾತ್ರೆ ತನ್ನ ಕೆಲಸ ಮಾಡುತ್ತಿತ್ತು. ಕೂದಲು ಹಿಂದಿನ ದಟ್ಟಣೆಗೆ ಮರಳಲಿಲ್ಲ.

ಮೊಣಕಾಲಿನ ಬಿಗಿತ ಸ್ವಲ್ಪ ಮಟ್ಟಿಗೆ ಹಿಂತಿರುಗಿತು. ಕ್ಯಾಪ್ಸೂಲಿನಿಂದ ಮೊದಲಿನಷ್ಟು ಹಾಯೆನಿಸುತ್ತಿಲ್ಲ ಎಂಬ ದೂರು ಈಗಲೂ ಇದೆ. ಅದರ ಪ್ರಮಾಣ ಚಿಕ್ಕದು, ನಿಜ. ಮೂಳೆ ಸಾಂದ್ರತೆಯ ಪರೀಕ್ಷೆಯಲ್ಲಿ ಮೂಳೆ ತುಸು ತೆಳುವಾಗಿರುವುದು ಕಂಡಿತು. ಹಳೆಯ ಪರೀಕ್ಷೆಯ ವರದಿ ಇಲ್ಲದ್ದರಿಂದ ಇದು ಎಣ್ಣೆಗೂ ಮೊದಲೇ ಇತ್ತೋ ಆಮೇಲೆ ಆಯಿತೋ ಹೇಳುವ ದಾರಿಯಿಲ್ಲ.

ಒಂಬತ್ತು ತಿಂಗಳಾದ ಮೇಲೆ ಮತ್ತೆ ಎಣ್ಣೆಗೆ ಮರಳಬಹುದೇ ಎಂದು ಅಜ್ಜಿ ಕೇಳಿದರು. ಈ ಬಾರಿ ಮೊದಲು ಕೇಳಿದರು, ನಂತರ ಕೊಳ್ಳುವ ಮಾತು. ಎಲ್ಲ ಬಾಟಲಿಗಳೂ ಒಂದೇ ಅಲ್ಲ ಎಂದು ಹೇಳಿದೆ. ನಾರ್ವೆಯಲ್ಲಿ 1999ರಲ್ಲಿ 5 ಮಿ.ಲೀ. ಎಣ್ಣೆಯಲ್ಲಿನ ವಿಟಮಿನ್ ಎ ಪ್ರಮಾಣವನ್ನು 1,000 ಮೈಕ್ರೋಗ್ರಾಂನಿಂದ 250ಕ್ಕೆ ಇಳಿಸಲಾಯಿತು. ತಲೆಮಾರುಗಳಿಂದ ಈ ಎಣ್ಣೆ ಕುಡಿಯುತ್ತ ಬಂದ ಜನ ಅದನ್ನು ಬಿಡಲಿಲ್ಲ, ತಿದ್ದಿಕೊಂಡರು. ಅಂಥ ಕಡಿಮೆ ಎ ಇರುವ ಎಣ್ಣೆ ಸಿಕ್ಕರೆ, ದಿನಕ್ಕೆ 5 ಮಿ.ಲೀ.ಗೆ, ವಿಟಮಿನ್ ಡಿ ಮಾತ್ರೆಯನ್ನು ಆ ಲೆಕ್ಕಕ್ಕೆ ಹೊಂದಿಸಿಕೊಂಡು, ವೈದ್ಯರ ಆಕ್ಷೇಪವಿರಲಿಲ್ಲ. ಅಜ್ಜಿ ಎರಡು ದಿನ ಯೋಚಿಸಿ ಬೇಡವೆಂದರು. ಕಾರಣ ಕೇಳಿದ್ದಕ್ಕೆ, ಮಾತ್ರೆಯ ಲೆಕ್ಕ ಸುಲಭ, ಒಂದು ಗೆರೆಗೆ ಒಂದು ಮಾತ್ರೆ ಎಂದರು. ಸೊಸೆಗೆ ಈಗ ಐದನೆಯ ತಿಂಗಳು. ಅವರ ಡಬ್ಬಿಯ ಮೇಲೆ ‘ಮೈ ಎಣ್ಣೆ, ಯಕೃತ್ತಿನದಲ್ಲ’ ಎಂದು ಅತ್ತೆಯ ಕೈಬರಹದ ಚೀಟಿ ಅಂಟಿದೆಯಂತೆ.

ನಾನು ನನ್ನ ಮೊದಲ ಭೇಟಿಯ ನಮೂನೆಯನ್ನು ಬದಲಿಸಿದೆ. ‘ಯಾವ ಔಷಧ’ ಎಂಬ ಸಾಲನ್ನು ತೆಗೆದು, ‘ಊಟದ ಹೊರತು ದಿನವೂ ಬಾಯಿಗೆ ಹೋಗುವುದು ಏನೇನು, ಎಷ್ಟು, ಮನೆಯಲ್ಲಿ ಅದನ್ನು ಬೇರೆ ಯಾರು ಸೇವಿಸುತ್ತಾರೆ’ ಎಂದು ಮೂರು ಅಂಕಣ ಮಾಡಿದೆ. ಕರಡನ್ನು ಅಜ್ಜಿಗೆ ತೋರಿಸಿದಾಗ ಕನ್ನಡಕ ಸರಿಪಡಿಸಿಕೊಂಡು ಓದಿ, ನಡುವಿನ ಅಂಕಣದ ಮೇಲೆ ಬೆರಳಿಟ್ಟರು.

“ಇಲ್ಲಿ ಜನ ಚಮಚ ಎಂದು ಬರೆಯುತ್ತಾರೆ. ಮಿ.ಲೀ. ಎಂದು ಮೊದಲೇ ಅಚ್ಚು ಹಾಕಿಸಿ.”

ಹಾಗೆಯೇ ಹಾಕಿಸಿದೆ.